ಕೆಮ್ಮುವವರು ಕಟ್ಟಿದ ಕಡಲತೀರ

ಫ್ರಾನ್ಸಿನ ದಕ್ಷಿಣ ತುದಿಯಲ್ಲಿರುವ ನೀಸ್ ನಗರ 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆ ಪಟ್ಟಿಯಲ್ಲಿ ಊರಿನ ಹೆಸರಿನ ಪಕ್ಕ ಒಂದು ವಿವರಣೆಯನ್ನೂ ಸೇರಿಸಿದ್ದಾರೆ: ರಿವಿಯೆರಾದ ಚಳಿಗಾಲದ ವಿಹಾರ ನಗರ. ಚಳಿಗಾಲದ್ದಂತೆ! ಮೆಡಿಟರೇನಿಯನ್ ಕಡಲತೀರ ಅಂದರೆ ನಮಗೆ ನೆನಪಾಗೋದು ಜುಲೈ-ಆಗಸ್ಟಿನ ಬಿಸಿಲು, ಸಾಲು ಸಾಲು ಬಣ್ಣದ ಕೊಡೆಗಳು, ಮೈಗೆ ಎಣ್ಣೆ ಹಚ್ಚಿಕೊಂಡು ಮಲಗಿರುವ ಜನ, ದೂರದಲ್ಲಿ ಶ್ರೀಮಂತರ ಬಿಳಿ ದೋಣಿಗಳು. ಹಾಗಿರುವಾಗ ಈ ‘ಚಳಿಗಾಲ’ ಎಲ್ಲಿಂದ ಬಂತು?

ಇದಕ್ಕೆ ಉತ್ತರ ಬೇಕಾದರೆ ಗ್ರಂಥಾಲಯಕ್ಕೇ ಹೋಗಬೇಕಾಗಿಲ್ಲ. ನೀಸ್‌ನಿಂದ ಇಟಲಿ ಗಡಿಯ ಕಡೆ ಹೋಗುವ ಲೋಕಲ್ ರೈಲು ಹತ್ತಿ, ಮಧ್ಯೆ ಎರಡು ಮೂರು ಊರಲ್ಲಿ ಇಳಿದು, ಗೋಡೆಯ ಮೇಲಿನ ಫಲಕಗಳನ್ನೂ ಗೋರಿಯ ಕಲ್ಲುಗಳನ್ನೂ ಓದುತ್ತಾ ಹೋದರೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ನಾನು ಹೋಗಿದ್ದು ಮಾರ್ಚ್ ಕೊನೆಯ ವಾರದಲ್ಲಿ, ಊರಿಂದ ಬಂದಿದ್ದ ಅಮ್ಮನ ಜೊತೆ. ಅಮ್ಮ ಅರಸೀಕೆರೆ ಕಡೆಯವಳು. ಸಮುದ್ರ ಅಂದರೆ ಅವಳಿಗೆ ಮುರುಡೇಶ್ವರ, ಅದೂ ಮದುವೆಯಾದ ಮೇಲೆ ನೋಡಿದ್ದು. “ಇಷ್ಟು ದೂರ ಬಂದು ಮತ್ತೆ ನೀರನ್ನೇ ನೋಡ್ಬೇಕೇನೇ?” ಅಂತ ಗೊಣಗುತ್ತಲೇ ಶಾಲು ಹೊದ್ದು ಹೊರಟಳು.

ಮೊದಲು ನೀಸ್. ಊರಿನ ಉದ್ದಕ್ಕೂ ಸಮುದ್ರಕ್ಕೆ ಅಂಟಿಕೊಂಡಂತೆ ಏಳು ಕಿಲೋಮೀಟರ್ ಉದ್ದದ ರಸ್ತೆ ಇದೆ. ಅದರ ಹೆಸರು ‘ಪ್ರೊಮೆನಾದ್ ದೆಸ್ ಆಂಗ್ಲೆ’, ಅಂದರೆ ಇಂಗ್ಲಿಷರ ವಾಯುವಿಹಾರ ದಾರಿ. ಫ್ರೆಂಚರ ನೆಲದಲ್ಲಿ ಇಂಗ್ಲಿಷರ ಹೆಸರು ಯಾಕೆ? ಮೊದಲನೆಯದಾಗಿ, ಆ ಕಾಲಕ್ಕೆ ಇದು ಫ್ರೆಂಚರ ನೆಲವೇ ಆಗಿರಲಿಲ್ಲ. ನೀಸ್ ಆಗ ಸಾರ್ಡೀನಿಯಾ ರಾಜ್ಯಕ್ಕೆ ಸೇರಿತ್ತು. 1860ರ ಮಾರ್ಚ್ 24ರ ಟ್ಯೂರಿನ್ ಒಪ್ಪಂದದ ಪ್ರಕಾರ ಅದು ಫ್ರಾನ್ಸಿನ ಪಾಲಾಯಿತು. ಇಟಲಿಯನ್ನು ಒಗ್ಗೂಡಿಸಿದ ಗ್ಯಾರಿಬಾಲ್ಡಿ ಹುಟ್ಟಿದ್ದು ಇದೇ ಊರಲ್ಲಿ, 1807ರಲ್ಲಿ. ತಾನು ಕಟ್ಟಲು ಹೊರಟ ದೇಶದಿಂದ ತನ್ನ ಊರೇ ಹೊರಗೆ ಹೋಗಿದ್ದನ್ನು ಆತ ಕಡೆಯವರೆಗೂ ಒಪ್ಪಲಿಲ್ಲ.

ಇಂಗ್ಲಿಷರು ಬಂದಿದ್ದು ಅದಕ್ಕೂ ಮೊದಲು. 1763ರಲ್ಲಿ ಸ್ಕಾಟ್ಲೆಂಡಿನ ಕಾದಂಬರಿಕಾರ ಟೊಬಾಯಸ್ ಸ್ಮಾಲೆಟ್ ಇಲ್ಲಿಗೆ ಬಂದ. ಅವನು ಶಸ್ತ್ರವೈದ್ಯನೂ ಹೌದು. ಇದ್ದ ಒಬ್ಬಳೇ ಮಗಳನ್ನು ಅದೇ ವರ್ಷ ಕಳೆದುಕೊಂಡಿದ್ದ. ಅವನದೇ ಶ್ವಾಸಕೋಶ ಕೆಟ್ಟಿತ್ತು. ಲಂಡನ್ನಿನ ಹೊಗೆ, ಮಂಜಿನಿಂದ ದೂರ ಹೋದರೆ ಉಳಿದೇನು ಅಂತ ಬಂದವನು 1765ರವರೆಗೆ ಇಲ್ಲಿದ್ದ. ಸಮುದ್ರದಲ್ಲಿ ಸ್ನಾನ ಮಾಡುತ್ತಿದ್ದ. ಕೆಮ್ಮುವ ಮನುಷ್ಯ ಉಪ್ಪುನೀರಿಗೆ ಇಳಿಯೋದನ್ನು ನೋಡಿ ಊರಿನವರು, ಇವನಿಗೆ ಬುದ್ಧಿ ನೆಟ್ಟಗಿಲ್ಲ ಅಂದುಕೊಂಡರಂತೆ. ಅವನು ಮಾಡಿದ ಇನ್ನೊಂದು ಕೆಲಸ ಮುಖ್ಯವಾದದ್ದು. ಇಲ್ಲಿದ್ದಷ್ಟು ಕಾಲವೂ ನೀಸ್‌ನ ಹವೆಯನ್ನು ಬರೆದಿಟ್ಟುಕೊಂಡ. 1766ರಲ್ಲಿ ಪ್ರವಾಸದ ಪುಸ್ತಕ ತಂದಾಗ ಆ ಹವಾಮಾನದ ದಾಖಲೆಯನ್ನೂ ಕೊನೆಗೆ ಸೇರಿಸಿದ. ಊರಿನ ಜನರ ಬಗ್ಗೆ ಆ ಪುಸ್ತಕದಲ್ಲಿ ಒಳ್ಳೆಯ ಮಾತು ಕಡಿಮೆ. ಆದರೆ ಹವೆಯ ಲೆಕ್ಕ ಓದಿದ ಇಂಗ್ಲಿಷರಿಗೆ ಅಷ್ಟು ಸಾಕಾಯಿತು. ಜನವರಿಯಲ್ಲೂ ಬಿಸಿಲಿರುವ ಊರು! ಕೆಮ್ಮು ಇದ್ದವರು, ಕೆಮ್ಮು ಬಂದೀತು ಅಂತ ಹೆದರಿದವರು, ಅವರನ್ನು ನೋಡಿಕೊಳ್ಳುವವರು, ಎಲ್ಲರೂ ಅಕ್ಟೋಬರಿಗೆ ಬಂದು ಏಪ್ರಿಲಿಗೆ ಹೋಗುವುದು ರೂಢಿಯಾಯಿತು.

1820ರ ದಶಕದ ಆರಂಭದ ಒಂದು ಚಳಿಗಾಲದಲ್ಲಿ ಹಿಮ ಬಿದ್ದು ಕಿತ್ತಳೆ ಗಿಡಗಳು ಸುಟ್ಟುಹೋದವು. ತೋಟದ ಕೂಲಿಯವರು ಬೀದಿಗೆ ಬಂದರು, ಭಿಕ್ಷುಕರು ಹೆಚ್ಚಿದರು. ಆಗ ಲೂಯಿಸ್ ವೇ ಎಂಬ ಇಂಗ್ಲಿಷ್ ಪಾದ್ರಿ ತನ್ನವರಿಂದ ಚಂದಾ ಎತ್ತಿ, ಆ ಕೂಲಿಯವರಿಂದ ಸಮುದ್ರದ ಪಕ್ಕ ಒಂದು ಕಾಲುದಾರಿ ಮಾಡಿಸಿದ. ನಮ್ಮಲ್ಲಿ ಬರ ಬಂದಾಗ ಕೆರೆ ಹೂಳೆತ್ತಿಸಿ ಕೂಲಿ ಕೊಡುತ್ತಿದ್ದರಲ್ಲ, ಅದೇ ಲೆಕ್ಕ. ಸ್ಥಳೀಯರು ಅದನ್ನು ತಮ್ಮ ಭಾಷೆಯಲ್ಲಿ ‘ಇಂಗ್ಲಿಷರ ದಾರಿ’ ಅಂದರು. ಇವತ್ತು ಜಗತ್ತಿನ ಅತಿ ಪ್ರಸಿದ್ಧ ಕಡಲ ರಸ್ತೆಗಳಲ್ಲಿ ಒಂದಾದ ಇದು ಹುಟ್ಟಿದ್ದು ಹೀಗೆ. ಹಸಿದವರು ಕಟ್ಟಿದರು, ಕಾಯಿಲೆಯವರು ನಡೆದಾಡಿದರು.

ರೈಲ್ವೆ ನಿಲ್ದಾಣದ ಹಿಂದೆ ಹತ್ತು ನಿಮಿಷ ನಡೆದರೆ ಈರುಳ್ಳಿ ಆಕಾರದ ಗುಮ್ಮಟಗಳಿರುವ ರಷ್ಯನ್ ಚರ್ಚು ಸಿಗುತ್ತದೆ. 1912ರಲ್ಲಿ ಪೂರ್ತಿಯಾದ ಕಟ್ಟಡ. ಅದು ಅಲ್ಲಿರುವುದಕ್ಕೂ ಒಂದು ಸಾವೇ ಕಾರಣ. 1865ರ ಏಪ್ರಿಲ್‌ನಲ್ಲಿ ರಷ್ಯಾದ ಯುವರಾಜ ನಿಕೊಲಾಯ್, ಚಕ್ರವರ್ತಿ ಎರಡನೇ ಅಲೆಕ್ಸಾಂಡರನ ಹಿರಿಯ ಮಗ, ಇಲ್ಲಿನ ಒಂದು ಬಂಗಲೆಯಲ್ಲಿ ಕ್ಷಯ ಮೆದುಳಿನ ಪೊರೆಗೆ ಏರಿ ತೀರಿಕೊಂಡ. ವಯಸ್ಸು ಇಪ್ಪತ್ತೊಂದು. ಮದುವೆ ನಿಶ್ಚಯವಾಗಿದ್ದ ಡೆನ್ಮಾರ್ಕಿನ ರಾಜಕುಮಾರಿ ಹಾಸಿಗೆಯ ಪಕ್ಕ ಇದ್ದಳು. ಆಮೇಲೆ ಅವಳು ಮದುವೆಯಾಗಿದ್ದು ಅವನ ತಮ್ಮನನ್ನು. ಅಮ್ಮ ಈ ಕಥೆಯನ್ನು ಪೂರ್ತಿ ಕೇಳಿ, “ಚಕ್ರವರ್ತಿ ಮಗನಿಗೂ ಔಷಧಿ ಇರ್ಲಿಲ್ಲ ಅನ್ನು” ಅಂದಳು. ಇರಲಿಲ್ಲ. ಇದ್ದದ್ದು ಬಿಸಿಲು ಮಾತ್ರ.

ರೈಲಿನಲ್ಲಿ ಬಲಗಡೆಯ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆ. ಎರಡನೇ ನಿಲ್ದಾಣವೇ ವಿಲ್‌ಫ್ರಾಂಶ್. ಬೆಟ್ಟ ನೇರ ನೀರಿಗೆ ಇಳಿದ ಹಾಗಿರುವ, ಆಳವಾದ ಕೊಲ್ಲಿ. ಹಳದಿ, ಕೇಸರಿ, ಕಾವಿ ಬಣ್ಣದ ಮನೆಗಳು. ನೋಡಲು ಚಿತ್ರದ ಹಾಗಿದೆ. ಆದರೆ ಈ ಊರಿನ ಒಳಗೆ ಹೊಕ್ಕರೆ ಬೇರೆಯೇ ಕಾಲ ಸಿಗುತ್ತದೆ, ಸಮುದ್ರ ಅಂದರೆ ಹೆದರುತ್ತಿದ್ದ ಕಾಲ.

ಕಡಲ್ಗಳ್ಳರ ಕಾಟಕ್ಕೆ ಇಲ್ಲಿನ ಜನ ಬೆಟ್ಟದ ಮೇಲೆ ವಾಸವಾಗಿದ್ದರು. 1295ರಲ್ಲಿ ಪ್ರೊವಾನ್ಸ್ ಪ್ರಾಂತ್ಯದ ದೊರೆ, ಆಂಜೂ ಮನೆತನದ ಎರಡನೇ ಚಾರ್ಲ್ಸ್, ಕೆಳಗಿಳಿದು ಬಂದು ನೆಲೆಸಿದವರಿಗೆ ಸುಂಕ ಮಾಫಿ ಅಂತ ಘೋಷಿಸಿದ. ಆ ‘ಸುಂಕವಿಲ್ಲದ ಊರು’ ಎಂಬುದೇ ವಿಲ್‌ಫ್ರಾಂಶ್ ಹೆಸರಿನ ಅರ್ಥ. ಜನ ಬಂದರು, ಭಯವೂ ಜೊತೆಗೇ ಬಂತು. 1543ರಲ್ಲಿ ಆಟೊಮನ್ ನೌಕಾಪತಿ ಬಾರ್ಬರೋಸನ ಹಡಗುಗಳು ಫ್ರಾನ್ಸಿನ ದೊರೆಯ ಜೊತೆ ಸೇರಿ ನೀಸ್‌ಗೆ ಮುತ್ತಿಗೆ ಹಾಕಿದಾಗ ವಿಲ್‌ಫ್ರಾಂಶ್ ಸೂರೆಯಾಯಿತು. ಆ ಪೆಟ್ಟಿನ ನಂತರ ಸವಾಯ್ ಮನೆತನದ ಡ್ಯೂಕ್ 1557ರಲ್ಲಿ ದಡದ ಮೇಲೆ ದೊಡ್ಡ ಕೋಟೆ ಕಟ್ಟಿಸಲು ಶುರು ಮಾಡಿದ. ಕೋಟೆ ಇವತ್ತಿಗೂ ಗಟ್ಟಿಯಾಗಿದೆ, ಒಳಗೆ ಪುರಸಭೆಯ ಕಚೇರಿ ಇದೆ.

ಇಲ್ಲಿ ‘ರ‍್ಯೂ ಒಬ್ಸ್ಕ್ಯೂರ್’, ಅಂದರೆ ಕತ್ತಲ ಬೀದಿ ಅಂತ ಒಂದು ಓಣಿ ಇದೆ. ಸುಮಾರು 130 ಮೀಟರ್ ಉದ್ದ. ಮನೆಗಳ ಅಡಿಯಲ್ಲಿ, ಕಮಾನುಗಳ ಕೆಳಗೆ ಹಾದುಹೋಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ದೀಪ ಬೇಕು. ಮಧ್ಯಯುಗದಲ್ಲಿ ಕಾವಲಿಗಿದ್ದ ದಾರಿ, ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಜನ ಅಡಗಿದ ಜಾಗ. ಅಮ್ಮ ಗೋಡೆ ಮುಟ್ಟಿ ನೋಡುತ್ತಾ, “ಸಮುದ್ರ ಇಷ್ಟು ಹತ್ರ ಇಟ್ಕೊಂಡು ಇವರು ಬೆನ್ನು ಹಾಕಿ ಕೂತಿದ್ರಲ್ಲೇ” ಅಂದಳು. ಸರಿಯಾದ ಮಾತು. ಮೀನುಗಾರನಿಗೆ, ಹಡಗಿನವನಿಗೆ ಸಮುದ್ರ ಕೆಲಸದ ಜಾಗ. ಉಳಿದವರಿಗೆ ಅದರಿಂದ ಬರುತ್ತಿದ್ದದ್ದು ಕಳ್ಳರು, ಸೈನ್ಯ ಮತ್ತು ಪ್ಲೇಗು. ಈ ಬಂದರಿನಲ್ಲೊಂದು ಲಾಜರೆತ್ ಇತ್ತು. ಹೊರಗಿನಿಂದ ಬಂದ ಹಡಗಿನವರನ್ನು ಊರಿಗೆ ಬಿಡದೆ ಕೂಡಿಹಾಕುತ್ತಿದ್ದ ಕಟ್ಟಡ ಅದು. ಕ್ವಾರಂಟೈನ್ ಅನ್ನುವ ಮಾತು ಹುಟ್ಟಿದ್ದೇ ಇಟಲಿಯ ಬಂದರುಗಳಲ್ಲಿ, ನಲವತ್ತು ದಿನ ಎಂಬ ಅರ್ಥದಿಂದ.

ಇದನ್ನು ನೆನಪಿಟ್ಟುಕೊಳ್ಳಿ. ಐನೂರು ವರ್ಷ ಈ ತೀರದವರು ಕಾಯಿಲೆಯವರನ್ನು ನೀರಿನ ಅಂಚಿನಲ್ಲೇ ತಡೆದು ನಿಲ್ಲಿಸುತ್ತಿದ್ದರು. ಆಮೇಲಿನ ನೂರು ವರ್ಷ ಕಾಯಿಲೆಯವರನ್ನೇ ಕೈಹಿಡಿದು ಕರೆದರು. ಕಾರಣ ಬಹಳ ಸರಳ. ಪ್ಲೇಗಿನ ಹಡಗಿನಲ್ಲಿ ಬರುತ್ತಿದ್ದವನು ಕೂಲಿ ನಾವಿಕ, ಕ್ಷಯದ ಗಾಡಿಯಲ್ಲಿ ಬರುತ್ತಿದ್ದವನು ಹಣವಂತ. ಜೊತೆಗೆ, ಕ್ಷಯ ಅಂಟುರೋಗ ಅಂತ ಉತ್ತರ ಯುರೋಪಿನ ವೈದ್ಯರಲ್ಲಿ ಹೆಚ್ಚಿನವರು ಆಗ ನಂಬಿರಲಿಲ್ಲ. ಅದು ವಂಶದಿಂದ ಬರುವುದು, ಸೂಕ್ಷ್ಮ ಸ್ವಭಾವದವರಿಗೆ ಬರುವುದು ಅಂತಿದ್ದರು.

ರೈಲು ಮುಂದೆ ಮೊನಾಕೊದಲ್ಲಿ ನೆಲದಡಿಯ ನಿಲ್ದಾಣಕ್ಕೆ ನುಗ್ಗುತ್ತದೆ. ನಾವು ಅಲ್ಲಿ ಇಳಿಯಲಿಲ್ಲ, ಆದರೆ ಅದರ ಕಥೆ ಬಿಟ್ಟರೆ ಮುಂದಿನ ಊರು ಅರ್ಥವಾಗುವುದಿಲ್ಲ. ಮೊನಾಕೊದ ರಾಜಮನೆತನದ ನೆಲದಲ್ಲಿ ಬಹುಪಾಲು ಇದ್ದದ್ದು ಪಕ್ಕದ ಮೆಂಟನ್ ಮತ್ತು ರೋಕ್‌ಬ್ರುನ್‌ನಲ್ಲಿ. ಅವರ ವರಮಾನ ಅಲ್ಲಿನ ನಿಂಬೆ ಮತ್ತು ಆಲಿವ್ ಎಣ್ಣೆಯ ಮೇಲಿನ ತೆರಿಗೆ. ತೆರಿಗೆಯ ಭಾರಕ್ಕೆ ಬೇಸತ್ತ ಈ ಎರಡೂ ಊರು 1848ರಲ್ಲಿ ತಿರುಗಿಬಿದ್ದವು. 1861ರಲ್ಲಿ ಮೂರನೇ ಚಾರ್ಲ್ಸ್ ಎರಡನ್ನೂ 40 ಲಕ್ಷ ಫ್ರಾಂಕಿಗೆ ಫ್ರಾನ್ಸಿಗೆ ಬಿಟ್ಟುಕೊಟ್ಟ. ಕೈಯಲ್ಲಿ ಉಳಿದದ್ದು ಒಂದು ಬಂಡೆ. ಬಂಡೆಯಿಂದ ಏನು ಸಂಪಾದನೆ? ಜೂಜು! 1863ರಲ್ಲಿ ಫ್ರಾನ್ಸುವಾ ಬ್ಲಾಂಕ್ ಎಂಬ ಚತುರ ಕ್ಯಾಸಿನೊ ವಹಿಸಿಕೊಂಡ. ಅವನು ಕಟ್ಟಿದ ಕಂಪನಿಯ ಹೆಸರು ಏನು ಗೊತ್ತೇ? ‘ಸಮುದ್ರಸ್ನಾನ ಸಂಸ್ಥೆ’. ಈಗಲೂ ಅದೇ ಹೆಸರು. ಆರೋಗ್ಯದ ಹೆಸರಿಟ್ಟರೆ ಆ ಕಾಲದಲ್ಲಿ ಏನನ್ನು ಬೇಕಾದರೂ ಮಾರಬಹುದಿತ್ತು. 1868ರಲ್ಲಿ ರೈಲು ಬಂತು, ಮರುವರ್ಷವೇ ರಾಜ ತನ್ನ ಪ್ರಜೆಗಳ ನೇರ ತೆರಿಗೆ ತೆಗೆದುಹಾಕಿದ. ಜೂಜುಕೋರರ ದುಡ್ಡು ಅಷ್ಟಿತ್ತು.

ಅದೇ ರೈಲು 1869ರಲ್ಲಿ ಮೆಂಟನ್ ತಲುಪಿತು. ಫ್ರೆಂಚರ ಬಾಯಲ್ಲಿ ಅದು ಮಾಂತೋಂ. ನಾನು ಬರೆದ ಹಾಗೇ ಓದಿ ಮೆಂಟನ್ ಅಂತಲೇ ಅನ್ನುತ್ತೇನೆ. ಇಟಲಿ ಗಡಿಗೆ ತಾಗಿದ, ಫ್ರಾನ್ಸಿನ ಕಡೆಯ ಊರು. ಹಿಂದೆ ಎತ್ತರದ ಬೆಟ್ಟಗಳ ಅಡ್ಡಗೋಡೆ ಇರುವುದರಿಂದ ಉತ್ತರದ ಚಳಿಗಾಳಿ ಒಳಗೆ ಬರುವುದಿಲ್ಲ. ಅದಕ್ಕೇ ಇಲ್ಲಿ ನಿಂಬೆ ಚೆನ್ನಾಗಿ ಬರುತ್ತದೆ. ಸ್ವರ್ಗದಿಂದ ಹೊರಬಿದ್ದ ಈವ್ ಜೊತೆಗೆ ತಂದಿದ್ದ ನಿಂಬೆಯನ್ನು ಈ ಕೊಲ್ಲಿಯಲ್ಲಿ ನೆಟ್ಟಳು ಅಂತ ಊರಿನವರ ಕಥೆ. ಮಾರುಕಟ್ಟೆಯಲ್ಲಿ ಅಮ್ಮ ಒಂದು ನಿಂಬೆಹಣ್ಣು ಕೈಗೆತ್ತಿಕೊಂಡಳು. ನಮ್ಮ ಕಡೆಯ ಗಜನಿಂಬೆಯಷ್ಟು ದಪ್ಪ. ಉಗುರಿನಿಂದ ಸಿಪ್ಪೆ ಕೆರೆದು ಮೂಸಿ, “ಉಪ್ಪಿನಕಾಯಿಗೆ ಆಗುತ್ತೆ” ಅಂತ ತೀರ್ಪು ಕೊಟ್ಟು ನಾಲ್ಕು ತೆಗೆದುಕೊಂಡಳು.

1859ರಲ್ಲಿ ಜೇಮ್ಸ್ ಹೆನ್ರಿ ಬೆನೆಟ್ ಎಂಬ ಇಂಗ್ಲಿಷ್ ವೈದ್ಯ ಈ ಊರಿಗೆ ಬಂದ. ಕ್ಷಯ ಹತ್ತಿತ್ತು, ಒಂದು ಸದ್ದಿಲ್ಲದ ಮೂಲೆಯಲ್ಲಿ ಸಾಯೋಣ ಅಂತ ಬಂದವನು. ಸಾಯಲಿಲ್ಲ. ಚೇತರಿಸಿಕೊಂಡ, ಮರುವರ್ಷ ಮತ್ತೆ ಬಂದ. 1861ರಲ್ಲಿ ಈ ಊರಿನ ಚಳಿಗಾಲದ ಬಗ್ಗೆ ಪುಸ್ತಕವನ್ನೇ ಬರೆದ. ಆಮೇಲೆ ಮೂವತ್ತು ವರ್ಷ ಅವನ ಬದುಕಿನ ಕ್ರಮ ಒಂದೇ: ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ವೈದ್ಯಕೀಯ, ಚಳಿಗಾಲದಲ್ಲಿ ಮೆಂಟನ್‌ನಲ್ಲಿ ವೈದ್ಯಕೀಯ. ಕಿಟಕಿ ತೆರೆಯಿರಿ, ಹೊರಗೆ ಕೂಡಿ, ಚೆನ್ನಾಗಿ ತಿನ್ನಿ ಅನ್ನುವುದು ಅವನ ಸಲಹೆ. ಪುಸ್ತಕ ಮರುಮುದ್ರಣ ಕಂಡ ಹಾಗೆಲ್ಲ ಮೆಂಟನ್‌ನಲ್ಲಿ ಹೋಟೆಲುಗಳು ಏಳುತ್ತಾ ಹೋದವು. ಒಬ್ಬ ರೋಗಿ ಬದುಕಿದ್ದಕ್ಕೆ ಒಂದು ಊರೇ ಬೆಳೆಯಿತು. ಸತ್ತವರು ಪುಸ್ತಕ ಬರೆಯಲಿಲ್ಲ ನೋಡಿ.

ಅವರ ವಿಳಾಸ ಬೇಕಾದರೆ ಬೆಟ್ಟ ಹತ್ತಬೇಕು. ಸೇಂಟ್ ಮೈಕೆಲ್ ಚರ್ಚಿನ ಮೆಟ್ಟಿಲು ದಾಟಿ, ಓಣಿ ಹಿಡಿದು ಮೇಲೆ ಹೋದರೆ ಹಳೆಯ ಕೋಟೆ ಇದ್ದ ಜಾಗದಲ್ಲಿ ಸ್ಮಶಾನವಿದೆ. ಮಜಲು ಮಜಲಾಗಿ ಕಟ್ಟಿದ್ದಾರೆ. ಊರಿನಲ್ಲೇ ಅತ್ಯಂತ ಒಳ್ಳೆಯ ಸಮುದ್ರದ ನೋಟ ಇಲ್ಲಿಂದಲೇ. ಕಲ್ಲುಗಳ ಮೇಲೆ ಇಂಗ್ಲಿಷ್, ರಷ್ಯನ್, ಜರ್ಮನ್ ಹೆಸರುಗಳು. ರಗ್ಬಿ ಆಟ ಹುಟ್ಟುಹಾಕಿದವನೆಂದು ದಂತಕಥೆಯಾದ ವಿಲಿಯಂ ವೆಬ್ ಎಲಿಸ್ 1872ರಲ್ಲಿ ಮೆಂಟನ್‌ನಲ್ಲಿ ತೀರಿಕೊಂಡ, ಅವನ ಗೋರಿ ಇಲ್ಲಿದೆ. ರಗ್ಬಿ ಅಭಿಮಾನಿಗಳು ಬಂದು ಕಾಣಿಕೆ ಇಟ್ಟು ಹೋಗುತ್ತಾರೆ. ಚಿತ್ರಕಾರ ಆಬ್ರಿ ಬಿಯರ್ಡ್‌ಸ್ಲೀ 1898ರ ಮಾರ್ಚ್‌ನಲ್ಲಿ ಕ್ಷಯದಿಂದ ಇದೇ ಊರಲ್ಲಿ ಸತ್ತು ಮಣ್ಣಾದ. ಇಪ್ಪತ್ತೈದು ವರ್ಷ. ಹೆಸರಿಲ್ಲದವರದೇ ಹೆಚ್ಚು. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಅಂಕಿ ಬರುತ್ತದೆ. ಕಲ್ಲಿನಿಂದ ಕಲ್ಲಿಗೆ ಹೋಗಿ ಹುಟ್ಟಿದ ವರ್ಷವನ್ನು ಸತ್ತ ವರ್ಷದಿಂದ ಕಳೆಯುತ್ತಿದ್ದಳು. ಇಪ್ಪತ್ತಮೂರು. ಮೂವತ್ತೊಂದು. ಹತ್ತೊಂಬತ್ತು. ಸ್ವಲ್ಪ ಹೊತ್ತಿಗೆ ಕಳೆಯೋದು ಬಿಟ್ಟು ಬೆಂಚಿನ ಮೇಲೆ ಕೂತಳು.

“ಇವರನ್ನೆಲ್ಲ ನೋಡ್ಕೊಂಡೋರು, ಬಟ್ಟೆ ಒಗೆದೋರು ಯಾರೇ? ಅವರಿಗೆ ಅಂಟಲಿಲ್ವಾ?” ಅಂತ ಕೇಳಿದಳು.

ಆ ಪ್ರಶ್ನೆಗೆ ಕಲ್ಲುಗಳಲ್ಲಿ ಉತ್ತರವಿಲ್ಲ. ನೀಸ್‌ನ ಪಾಯೋಂ ಹೊಳೆಯ ದಡದಲ್ಲಿ ಸಾಲಾಗಿ ಕೂತು ಬಟ್ಟೆ ಒಗೆಯುವ ಹೆಂಗಸರ ಚಿತ್ರಗಳು ಹಳೆಯ ಪೋಸ್ಟ್ ಕಾರ್ಡುಗಳಲ್ಲಿ ಬೇಕಾದಷ್ಟಿವೆ. ಬಂದವರಿಗೆ ಅದೊಂದು ಸುಂದರ ದೃಶ್ಯ. ಆ ಬಟ್ಟೆ ಯಾರ ಹಾಸಿಗೆಯದು ಅಂತ ಕಾರ್ಡಿನ ಹಿಂದೆ ಯಾರೂ ಬರೆಯಲಿಲ್ಲ.

1882ರ ಮಾರ್ಚ್‌ನಲ್ಲಿ ವಿಕ್ಟೋರಿಯಾ ರಾಣಿ ಮೆಂಟನ್‌ಗೆ ಬಂದಳು. ಮೆಂಟನ್ ಪಾಲಿಗೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕೇ? ಸರಿಯಾಗಿ ಅವಳು ಇಲ್ಲಿರುವಾಗಲೇ, ಮಾರ್ಚ್ 24ರಂದು, ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಎದ್ದುನಿಂತು ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದಿದ್ದೇನೆ ಅಂತ ಹೇಳಿದ. ನಾವು ಪ್ರತಿ ವರ್ಷ ಮಾರ್ಚ್ 24ರಂದು ವಿಶ್ವ ಕ್ಷಯರೋಗ ದಿನ ಅಂತ ಮಾಡುವುದು ಇದಕ್ಕೇ. ಆ ದಿನದಿಂದ ಈ ತೀರದ ಲೆಕ್ಕ ನಿಧಾನವಾಗಿ ತಿರುಗತೊಡಗಿತು. ಕ್ಷಯ ವಂಶದ ಶಾಪವೂ ಅಲ್ಲ, ಸೂಕ್ಷ್ಮ ಮನಸ್ಸಿನ ಗುರುತೂ ಅಲ್ಲ, ಪಕ್ಕದವನ ಕೆಮ್ಮಿನಿಂದ ಬರುವಂಥದ್ದು! ಹಾಗಾದರೆ ಹೋಟೆಲಿನ ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿರುವವನು ಯಾರು?

ರಾಣಿ ಮುಂದೆ 1895ರಿಂದ 1899ರವರೆಗೆ ವರ್ಷವೂ ನೀಸ್‌ಗೆ ಬಂದಳು, ತನ್ನ ಭಾರತೀಯ ಸೇವಕರ ಸಮೇತ. ಅವಳಿಗೆ ಹಿಂದೂಸ್ತಾನಿ ಕಲಿಸಿದ ಆಗ್ರಾದ ಅಬ್ದುಲ್ ಕರೀಮ್ ಕೂಡ ಇಲ್ಲಿ ಓಡಾಡಿದ್ದಾನೆ. ಅವನನ್ನು ಕರೆತರುವ ವಿಷಯಕ್ಕೆ ಅರಮನೆಯವರು ದೊಡ್ಡ ಜಗಳವನ್ನೇ ಮಾಡಿದ್ದರು. ಆ ಹೊತ್ತಿಗೆ ಕರಾವಳಿಯ ಹೆಸರೇ ಬದಲಾಗಿತ್ತು. 1887ರಲ್ಲಿ ಸ್ಟೀಫನ್ ಲಿಯೆಜಾರ್ ಎಂಬ ಲೇಖಕ ‘ಕೋತ್ ದಾಜೂರ್’, ನೀಲಿ ಕರಾವಳಿ, ಅಂತ ಪುಸ್ತಕ ಬರೆದ. ಹೆಸರು ಅಂಟಿಕೊಂಡಿತು. ನೀಲಿ ಅನ್ನುವುದರಲ್ಲಿ ಕೆಮ್ಮಿನ ಸದ್ದು ಇಲ್ಲ. ಆರೋಗ್ಯವಂತ ಶ್ರೀಮಂತರು ಬರತೊಡಗಿದ ಮೇಲೆ ಹೋಟೆಲಿನವರಿಗೆ ರೋಗಿಗಳು ಬೇಡವಾದರು. ರೋಗಿಗಳನ್ನು ಸ್ವಿಟ್ಜರ್ಲೆಂಡಿನ ಬೆಟ್ಟದ ಸ್ಯಾನಟೋರಿಯಂಗಳು ಸೆಳೆದುಕೊಂಡವು. ಮೆಂಟನ್ ಮಾತ್ರ ‘ರೋಗಿಗಳ ಊರು’ ಅನ್ನುವ ಹೆಸರನ್ನು ಬಹಳ ಕಾಲ ಹೊತ್ತುಕೊಂಡಿತ್ತು.

ಈ ಬದಲಾವಣೆ ಎಷ್ಟು ಕಠೋರವಾಗಿತ್ತು ಅನ್ನುವುದಕ್ಕೆ ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಅನುಭವ ನೋಡಿ. ನ್ಯೂಜಿಲೆಂಡಿನ ಈ ಕಥೆಗಾರ್ತಿ 1919ರಲ್ಲಿ ಗಡಿಯ ಆಚೆಯ ಸ್ಯಾನ್ ರೆಮೊಗೆ ಬಂದಾಗ, ಅವಳಿಗೆ ಕ್ಷಯವಿದೆ ಅಂತ ತಿಳಿದ ಹೋಟೆಲಿನವನು ಜಾಗ ಖಾಲಿ ಮಾಡಲು ಹೇಳಿದ. ಹೋಗುವಾಗ ಕೋಣೆಗೆ ಹೊಗೆ ಹಾಕಿ ಶುದ್ಧ ಮಾಡಿಸುವ ಖರ್ಚನ್ನೂ ಅವಳಿಂದಲೇ ವಸೂಲು ಮಾಡಿದ. ಮರುವರ್ಷ ಅವಳಿಗೆ ಮೆಂಟನ್‌ನ ಗಾರವಾನ್ ಕಡೆ ‘ಇಸೊಲಾ ಬೆಲ್ಲಾ’ ಅನ್ನುವ ಬಂಗಲೆ ಸಿಕ್ಕಿತು. 1920ರ ಸೆಪ್ಟೆಂಬರಿನಿಂದ ಮರುವರ್ಷದ ಮೇವರೆಗೆ ಅಲ್ಲಿದ್ದು, ಜ್ವರದ ನಡುವೆ ತನ್ನ ಅತ್ಯುತ್ತಮ ಕಥೆಗಳಲ್ಲಿ ಕೆಲವನ್ನು ಬರೆದಳು. 1923ರ ಜನವರಿಯಲ್ಲಿ ತೀರಿಕೊಂಡಾಗ ಅವಳಿಗೆ ಮೂವತ್ನಾಲ್ಕು. ಆ ಮನೆ ಗಾರವಾನ್ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ, ಗೋಡೆಯಲ್ಲಿ ಫಲಕವಿದೆ.

ಫಲಕದ ಎದುರು ನಿಂತು ಹೋಟೆಲಿನ ಕಥೆ ಹೇಳಿದಾಗ ಅಮ್ಮ ನಾನು ಯಾವತ್ತೂ ಕೇಳದ ಒಂದು ವಿಷಯ ಹೇಳಿದಳು. ಅವಳ ಚಿಕ್ಕಪ್ಪನಿಗೆ ಟಿ.ಬಿ. ಆಗಿತ್ತಂತೆ. ಅರವತ್ತರ ದಶಕದ ಕೊನೆ. ಅವರಿಗೆ ಬೇರೆ ತಟ್ಟೆ, ಬೇರೆ ಲೋಟ. ಮಲಗಲು ಜಗಲಿಯ ತುದಿ. ಮಕ್ಕಳು ಹತ್ತಿರ ಹೋದರೆ ಅಜ್ಜಿ ಗದರುತ್ತಿದ್ದರು. ವಾರಕ್ಕೊಮ್ಮೆ ಚಿಕ್ಕಪ್ಪ ಸೈಕಲ್ಲಿನಲ್ಲಿ ಪೇಟೆಯ ಆಸ್ಪತ್ರೆಗೆ ಹೋಗಿ ಮಾತ್ರೆ ತರುತ್ತಿದ್ದರು. ವರ್ಷ ಕಳೆದ ಮೇಲೆ ವಾಸಿಯಾಯಿತು. ಎಪ್ಪತ್ತೆಂಟರವರೆಗೆ ಬದುಕಿದ್ದರು. “ಆದ್ರೆ ಆ ತಟ್ಟೆ ಮಾತ್ರ ಕೊನೆವರ್ಗೂ ಬೇರೆಯೇ ಇತ್ತು” ಅಂದಳು ಅಮ್ಮ.

ಈ ಕರಾವಳಿಯ ಕಥೆಯ ಕೊನೆಯ ಅಧ್ಯಾಯ ನಡೆದಿದ್ದು ನಮ್ಮ ಕಡೆಯೇ. ಕ್ಷಯಕ್ಕೆ ಮೊದಲ ಪರಿಣಾಮಕಾರಿ ಔಷಧಿ ಸ್ಟ್ರೆಪ್ಟೊಮೈಸಿನ್ ಅಮೆರಿಕದಲ್ಲಿ ದೊರಕಿದ್ದು 1943ರಲ್ಲಿ, ಐಸೊನಯಾಜಿಡ್ ಮಾತ್ರೆ ಬಳಕೆಗೆ ಬಂದಿದ್ದು 1952ರಲ್ಲಿ. ಆಗಲೂ ಹೆಚ್ಚಿನ ವೈದ್ಯರು, ಔಷಧಿ ಸರಿ, ಆದರೆ ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಯ ಊಟ ಇಲ್ಲದೆ ವಾಸಿಯಾಗುವುದಿಲ್ಲ ಅಂತಲೇ ಹೇಳುತ್ತಿದ್ದರು. ಸ್ಮಾಲೆಟ್ ಕಾಲದ ಅದೇ ನಂಬಿಕೆ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯ ಸಂಶೋಧನಾ ಕೇಂದ್ರ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿತು. ನಗರದ 193 ಬಡ ರೋಗಿಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ಸ್ಯಾನಟೋರಿಯಂ, ಹಾಸಿಗೆ, ಒಳ್ಳೆಯ ಊಟ. ಇನ್ನೊಂದು ಪಾಲಿನವರು ತಮ್ಮ ಇಕ್ಕಟ್ಟಿನ ಮನೆಗಳಲ್ಲೇ ಇದ್ದರು. ಇಬ್ಬರಿಗೂ ಒಂದು ವರ್ಷ ಅದೇ ಔಷಧಿ. 1959ರಲ್ಲಿ ಫಲಿತಾಂಶ ಹೊರಬಂತು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ವಾಸಿಯಾಗಿತ್ತು. ಮನೆಯಲ್ಲೇ ಇದ್ದವರ ಕುಟುಂಬಕ್ಕೆ ರೋಗ ಹೆಚ್ಚಾಗಿ ಹರಡಿಯೂ ಇರಲಿಲ್ಲ. ವಾಸಿ ಮಾಡಿದ್ದು ಮಾತ್ರೆ, ಗಾಳಿಯಲ್ಲ. ಜಗತ್ತಿನ ಸ್ಯಾನಟೋರಿಯಂಗಳು ಒಂದೊಂದಾಗಿ ಮುಚ್ಚಲು ಈ ಪ್ರಯೋಗವೂ ಒಂದು ದೊಡ್ಡ ಕಾರಣ.

ಅದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಕ್ಷಯದ ಪತ್ತೆ ಮತ್ತು ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಗಳಿಂದ ಹೊರತಂದು, ಜಿಲ್ಲೆ ತಾಲ್ಲೂಕುಗಳ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ಮಾಡಿ ಮಾತ್ರೆ ಕೊಡುವ ಕ್ರಮವನ್ನು ದೇಶಕ್ಕೆ ರೂಪಿಸಿಕೊಟ್ಟದ್ದು ಅಲ್ಲೇ. ಅಮ್ಮನ ಚಿಕ್ಕಪ್ಪ ಸೈಕಲ್ ತುಳಿದು ತಂದ ಮಾತ್ರೆ ಇಂಥದೊಂದು ಯೋಚನೆಯ ಫಲ. ರಷ್ಯಾದ ಯುವರಾಜನಿಗೆ ಇಡೀ ಮೆಡಿಟರೇನಿಯನ್ ಸಮುದ್ರ ಕೊಡಲಾಗದ್ದನ್ನು ಅರಸೀಕೆರೆಯ ಒಂದು ಜಗಲಿಯ ಮೇಲೆ ಕೂತವರು ಪಡೆದರು. ಆದರೆ ಸ್ಯಾನ್ ರೆಮೊದ ಹೋಟೆಲಿನವನ ಬುದ್ಧಿ ನಮ್ಮ ಅಡುಗೆಮನೆಯಲ್ಲೂ ಇತ್ತು. ಅದಕ್ಕೆ ಮಾತ್ರೆ ಇನ್ನೂ ಬಂದಿಲ್ಲ. ಇವತ್ತಿಗೂ ಜಗತ್ತಿನ ಪ್ರತಿ ನಾಲ್ಕು ಕ್ಷಯ ರೋಗಿಗಳಲ್ಲಿ ಒಬ್ಬರು ಭಾರತದವರು. ಎಷ್ಟು ಮನೆಗಳಲ್ಲಿ ಬೇರೆ ತಟ್ಟೆ ಇದೆಯೋ!

ಹಾಗಾದರೆ ಬೇಸಿಗೆಯ ಮೆಡಿಟರೇನಿಯನ್ ಯಾವಾಗ ಹುಟ್ಟಿತು? ಬಹಳ ಈಚೆಗೆ. 1920ರ ದಶಕದವರೆಗೂ ಇಲ್ಲಿನ ದೊಡ್ಡ ಹೋಟೆಲುಗಳು ಏಪ್ರಿಲ್ ಮುಗಿದರೆ ಬಾಗಿಲು ಹಾಕುತ್ತಿದ್ದವು. 1923ರಲ್ಲಿ ಅಮೆರಿಕದ ಮರ್ಫಿ ದಂಪತಿಗಳು ಆಂಟೀಬ್‌ನ ಹೋಟೆಲೊಂದನ್ನು ಬೇಸಿಗೆಯಲ್ಲೂ ತೆರೆದಿಡುವಂತೆ ಒಪ್ಪಿಸಿದರು. ಬಿಸಿಲಿಗೆ ಮೈ ಕಪ್ಪಾಗಿಸಿಕೊಳ್ಳುವುದು ಫ್ಯಾಷನ್ ಆಯಿತು. 1936ರಲ್ಲಿ ಫ್ರಾನ್ಸಿನ ಎಡಪಂಥೀಯ ಸರ್ಕಾರ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕೊಟ್ಟು, ರಿಯಾಯಿತಿ ದರದ ರೈಲು ಟಿಕೆಟ್ಟನ್ನೂ ಕೊಟ್ಟಿತು. ಕಾರ್ಖಾನೆಯ ಜನ ಮೊದಲ ಬಾರಿಗೆ ಸಮುದ್ರ ನೋಡಿದರು. ಶ್ರೀಮಂತ ರೋಗಿಗಳಿಗಾಗಿ ಹಾಕಿದ ರೈಲು ಕೂಲಿಯವರನ್ನು ಕರೆತಂದಿತು. ಈ ಕರಾವಳಿಯ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ತಿರುವು ಇದು.

ಸಂಜೆ ಗಾರವಾನ್‌ನಲ್ಲಿ ವಾಪಸ್ ರೈಲಿಗೆ ಕಾಯುತ್ತಿದ್ದೆವು. ಇಟಲಿ ಕಡೆಯಿಂದ ಬಂದ ರೈಲು ಕೆಲವು ನಿಮಿಷ ಹೆಚ್ಚಿಗೇ ನಿಂತಿತು. ಪೊಲೀಸರು ಬೋಗಿಯಿಂದ ಬೋಗಿಗೆ ಹೋಗಿ ಕಾಗದಪತ್ರ ನೋಡುತ್ತಿದ್ದರು. 2015ರಿಂದ ಫ್ರಾನ್ಸ್ ಈ ಗಡಿಯಲ್ಲಿ ಮತ್ತೆ ತಪಾಸಣೆ ಶುರು ಮಾಡಿದೆ. ಸಮುದ್ರ ದಾಟಿ ಬಂದ ಆಫ್ರಿಕಾದ ಹುಡುಗರನ್ನು ಇಲ್ಲೇ ಇಳಿಸಿ ಆಚೆಗೆ ಕಳಿಸುತ್ತಾರೆ. ಲಾಜರೆತ್ ಇದ್ದ ಕಾಲದ ಹಾಗೆ, ಈ ತೀರ ಯಾರು ಅತಿಥಿ, ಯಾರು ಅಲ್ಲ ಅಂತ ಇನ್ನೂ ಎಣಿಸುತ್ತಲೇ ಇದೆ.

ಮುಂದೆ ನೀವು ಯಾರಾದರೂ ಆ ಕಡೆ ಹೋದರೆ ಮೊನಾಕೊದ ಕಾರುಗಳನ್ನು ನೋಡಲು ಕೊಡುವ ಸಮಯದಲ್ಲಿ ಅರ್ಧವನ್ನು ಮೆಂಟನ್‌ನ ಆ ಬೆಟ್ಟಕ್ಕೆ ಕೊಡಿ. ಮೆಟ್ಟಿಲು ಜಾಸ್ತಿ, ನೀರಿನ ಬಾಟಲಿ ಇರಲಿ. ಮೇಲೆ ಹೋಗಿ ಒಂದೆರಡು ಕಲ್ಲುಗಳ ವರ್ಷ ಕಳೆದು ನೋಡಿ. ಆಮೇಲೆ ತಿರುಗಿ ಸಮುದ್ರ ನೋಡಿ. ಅಮ್ಮ ತಂದ ನಾಲ್ಕು ನಿಂಬೆಹಣ್ಣು ಉಪ್ಪಿನಕಾಯಿಯಾಗಿ ಭರಣಿಯಲ್ಲಿದೆ, ಚೆನ್ನಾಗಿಯೇ ಬಂದಿದೆ.